ಪ್ರಶಸ್ತಿಯ ಬೆಳಕು ಮತ್ತು ಹಾಡಿದವರ ಹೆಸರು: ತೊಂಬತ್ತರ ದಶಕದ ಪಾಪ್–ರಾಕ್ ಸಂಗೀತದಲ್ಲಿ ಜನಪದ ಧ್ವನಿಗಳು

ಜನಪದ ಹಾಡಿಗೆ ಕರ್ತೃವಿಲ್ಲ ಎಂಬುದು ನಮ್ಮ ಜಾನಪದ ಅಧ್ಯಯನದ ಮೊದಲ ಪಾಠಗಳಲ್ಲಿ ಒಂದು. ಹಾಡು ಸಮುದಾಯದ ಸೊತ್ತು. ಬಾಯಿಂದ ಬಾಯಿಗೆ ಸಾಗುತ್ತ, ಸವೆಯುತ್ತ, ಬೆಳೆಯುತ್ತ ಬಂದದ್ದು. ಆದ್ದರಿಂದ ಅದನ್ನು ಕಟ್ಟಿದವರು ಯಾರೆಂದು ಕೇಳುವುದು ಅಪ್ರಸ್ತುತ ಎಂದು ನಾವು ಕಲಿತಿದ್ದೇವೆ, ಕಲಿಸಿದ್ದೇವೆ. ಈ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ‘ಕಟ್ಟಿದವರು ಯಾರು’ ಎಂಬ ಪ್ರಶ್ನೆಯನ್ನು ಬದಿಗಿಡುವಾಗ ‘ಹಾಡಿದವರು ಯಾರು’ ಎಂಬ ಬೇರೆಯೇ ಆದ ಪ್ರಶ್ನೆಯೂ ಅದರೊಂದಿಗೆ ಸದ್ದಿಲ್ಲದೆ ಸರಿದುಹೋಗುತ್ತದೆ. ಹಾಡು ಅನಾಮಿಕವಾಗಿರಬಹುದು, ಕೊರಳು ಅನಾಮಿಕವಲ್ಲ. ಈ ಎರಡನ್ನೂ ಒಂದೆಂದು ಭಾವಿಸಿದ್ದರ ಪರಿಣಾಮವೇನು ಎಂಬುದನ್ನು ತಿಳಿಯಲು ಜಾನಪದದ ಹೊರಗಿನದೆಂದು ತೋರುವ ಒಂದು ಕ್ಷೇತ್ರವನ್ನು, ಎಂದರೆ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆದ ಪಾಪ್ ಮತ್ತು ರಾಕ್ ಸಂಗೀತವನ್ನು, ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆ ದಶಕವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣಗಳಿವೆ. ಅಮೆರಿಕದ ಧ್ವನಿಮುದ್ರಣ ಅಕಾಡೆಮಿ 1959ರಿಂದ ನೀಡುತ್ತ ಬಂದಿರುವ ಗ್ರ್ಯಾಮಿ ಪ್ರಶಸ್ತಿಯಲ್ಲಿ ‘ಆಲ್ಟರ್ನೇಟಿವ್’ ಸಂಗೀತಕ್ಕೆ 1991ರಲ್ಲಿ, ‘ವಿಶ್ವ ಸಂಗೀತ’ಕ್ಕೆ 1992ರಲ್ಲಿ ಪ್ರತ್ಯೇಕ ವಿಭಾಗಗಳು ಆರಂಭವಾದವು. ಎರಡನೆಯ ವಿಭಾಗದ ಮೊದಲ ಪ್ರಶಸ್ತಿ ಪಡೆದ ಮಿಕ್ಕಿ ಹಾರ್ಟ್ ಅವರ ‘ಪ್ಲಾನೆಟ್ ಡ್ರಮ್’ ಆಲ್ಬಮ್‌ನಲ್ಲಿ ಜಾಕಿರ್ ಹುಸೇನ್ ಹಾಗೂ ಘಟಂ ವಾದಕ ವಿಕ್ಕು ವಿನಾಯಕರಾಮ್ ಅವರು ನುಡಿಸಿದ್ದರೆಂಬುದು ನಮ್ಮವರಿಗೆ ನೆನಪಿರಬಹುದು. ಇದೇ ಕಾಲದಲ್ಲಿ ಹಳೆಯ ಕ್ಷೇತ್ರ ಧ್ವನಿಮುದ್ರಣಗಳು ಕಾಂಪ್ಯಾಕ್ಟ್ ಡಿಸ್ಕ್ ರೂಪದಲ್ಲಿ ಮತ್ತೆ ಅಂಗಡಿಗೆ ಬಂದವು. ಜೊತೆಗೆ ‘ಸ್ಯಾಂಪ್ಲರ್’ ಎಂಬ ಯಂತ್ರ ಸ್ಟುಡಿಯೋಗಳಲ್ಲಿ ಸಾಮಾನ್ಯವಾಯಿತು. ಯಾವುದೇ ಧ್ವನಿಮುದ್ರಿಕೆಯ ಕೆಲವು ಕ್ಷಣಗಳ ನಾದವನ್ನು ಕತ್ತರಿಸಿ, ಅಂಕೀಯ ರೂಪದಲ್ಲಿ ಶೇಖರಿಸಿ, ಬೇಕಾದ ಶ್ರುತಿಯಲ್ಲಿ, ಬೇಕಾದ ಲಯದಲ್ಲಿ, ಬೇಕಾದಷ್ಟು ಸಲ ನುಡಿಸುವುದು ಇದರ ಕೆಲಸ. ಅಲ್ಲಿಯವರೆಗೆ ಜನಪದ ಹಾಡನ್ನು ಬಳಸಬೇಕೆಂದಿದ್ದ ಪಾಪ್ ಗಾಯಕ ಅದನ್ನು ಕಲಿತು ತಾನೇ ಹಾಡಬೇಕಾಗಿತ್ತು. ಈಗ ಹಾಡನ್ನಲ್ಲ, ಹಾಡಿದವರ ಕೊರಳನ್ನೇ ಎತ್ತಿಕೊಳ್ಳುವುದು ಸಾಧ್ಯವಾಯಿತು. ನನ್ನ ದೃಷ್ಟಿಯಲ್ಲಿ ಆ ದಶಕದ ನಿಜವಾದ ತಿರುವು ಇದೇ ಆಗಿದೆ.

ಮೊದಲು ಹಳೆಯ ಮಾದರಿಯ, ಎಂದರೆ ಕಲಿತು ಹಾಡಿದ, ನಿದರ್ಶನವನ್ನು ನೋಡೋಣ. ವಿದ್ಯುತ್ ಗಿಟಾರುಗಳನ್ನು ಬದಿಗಿಟ್ಟು ಸರಳ ವಾದ್ಯಗಳೊಂದಿಗೆ ಹಾಡುವ ‘ಅನ್‌ಪ್ಲಗ್ಡ್’ ಎಂಬ ಕಾರ್ಯಕ್ರಮಮಾಲೆಯನ್ನು ಎಂಟಿವಿ ವಾಹಿನಿ ನಡೆಸುತ್ತಿತ್ತು. ಅದಕ್ಕಾಗಿ 1992ರಲ್ಲಿ ಎರಿಕ್ ಕ್ಲಾಪ್ಟನ್ ಹಾಡಿದ ಆಲ್ಬಮ್ 1993ರಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿಯನ್ನು ಪಡೆಯಿತು; ಆ ರಾತ್ರಿ ಕ್ಲಾಪ್ಟನ್‌ಗೆ ದೊರೆತ ಒಟ್ಟು ಪ್ರಶಸ್ತಿಗಳು ಆರು. ಅದರಲ್ಲಿ ರಾಬರ್ಟ್ ಜಾನ್ಸನ್, ಬಿಗ್ ಬಿಲ್ ಬ್ರೂನ್ಜಿ, ಜೆಸ್ಸಿ ಫುಲ್ಲರ್ ಮೊದಲಾದ ಕಪ್ಪು ಜನಾಂಗದ ಬ್ಲೂಸ್ ಗಾಯಕರ ಹಾಡುಗಳಿವೆ. ಅವರ ಹೆಸರುಗಳು ನಮಗೆ ಏಕೆ ತಿಳಿದಿವೆ? ಜಾನ್ಸನ್ 1930ರ ದಶಕದಲ್ಲಿ ವಾಣಿಜ್ಯ ಕಂಪನಿಯೊಂದಕ್ಕೆ ಹಾಡಿದ್ದರು. ತಟ್ಟೆಯ ನಡುವಿನ ಚೀಟಿಯ ಮೇಲೆ ಗಾಯಕನ ಹೆಸರಿಲ್ಲದೆ ತಟ್ಟೆ ಮಾರಾಟವಾಗುವಂತಿರಲಿಲ್ಲ. ವ್ಯಾಪಾರಿಯು ತನ್ನ ಲಾಭಕ್ಕಾಗಿ ಉಳಿಸಿದ ಹೆಸರನ್ನು ವಿದ್ವಾಂಸನು ತನ್ನ ಸಿದ್ಧಾಂತಕ್ಕಾಗಿ ಎಷ್ಟೋ ಕಡೆ ಕಳೆದಿದ್ದಾನೆ ಎಂಬುದು ನಮಗೆ ಹಿತವಾದ ಹೋಲಿಕೆಯಲ್ಲ. ಜಾನ್ಸನ್ 1938ರಲ್ಲಿ ತೀರಿಕೊಂಡರು. ಅವರ ಸಮಗ್ರ ಧ್ವನಿಮುದ್ರಣಗಳ ಸಂಪುಟಕ್ಕೆ 1991ರಲ್ಲಿ ಗ್ರ್ಯಾಮಿ ಬಂದಿತು. ಹೆಸರು ಉಳಿದಿದ್ದುದರಿಂದಲೇ ಅವರ ಮಗ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಸಾಧಿಸಲು ಸಾಧ್ಯವಾಯಿತು. ಮಿಸಿಸಿಪ್ಪಿಯ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಆ ಹಕ್ಕನ್ನು ಎತ್ತಿಹಿಡಿಯಿತು.

ಅದೇ ಕಾರ್ಯಕ್ರಮಮಾಲೆಗಾಗಿ ನಿರ್ವಾಣ ಎಂಬ ರಾಕ್ ತಂಡ 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಹಾಡಿತು. ತಂಡದ ಗಾಯಕ ಕರ್ಟ್ ಕೋಬೇನ್ 1994ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಲ್ಬಮ್ ಆ ವರ್ಷದ ನವೆಂಬರ್‌ನಲ್ಲಿ ಹೊರಬಂದು, 1996ರಲ್ಲಿ ಆಲ್ಟರ್ನೇಟಿವ್ ಸಂಗೀತದ ಗ್ರ್ಯಾಮಿಯನ್ನು ಪಡೆಯಿತು. ಅದರ ಕೊನೆಯ ಹಾಡು ಜಾನಪದ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಯೋಗ್ಯವಾಗಿದೆ. ‘ಇನ್ ದ ಪೈನ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಅದು ಅಮೆರಿಕದ ದಕ್ಷಿಣದ ಅಪಲೇಚಿಯನ್ ಬೆಟ್ಟಸೀಮೆಯ ಹಾಡು. ಇಂಗ್ಲೆಂಡಿನ ಸಂಗ್ರಾಹಕ ಸೆಸಿಲ್ ಶಾರ್ಪ್ ಅದರ ತುಣುಕೊಂದನ್ನು 1917ರಲ್ಲಿಯೇ ಬರೆದುಕೊಂಡಿದ್ದರು. 1970ರಲ್ಲಿ ಜುಡಿತ್ ಮೆಕಲೊ ಎಂಬ ವಿದುಷಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಈ ಒಂದೇ ಹಾಡಿನ ಮೇಲೆ ಪಿಎಚ್.ಡಿ. ಪ್ರಬಂಧವನ್ನು ಸಿದ್ಧಪಡಿಸಿದರು. ಅವರು ಕಂಡುಕೊಂಡ ಪ್ರಕಾರ ಇದು ಒಂದು ಹಾಡಲ್ಲ, ಹಾಡುಗಳ ಗೊಂಚಲು. ಪೈನ್ ಮರಗಳ ಕಾಡು, ಉದ್ದನೆಯ ರೈಲು, ರುಂಡ ಬೇರ್ಪಟ್ಟ ಸಾವು ಎಂಬ ಆಶಯಗಳು ಬೇರೆ ಬೇರೆ ಗಾಯಕರಲ್ಲಿ ಬೇರೆ ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಕೆಲವರಲ್ಲಿ ಒಂದು ಮಾತ್ರ ಉಳಿದು ಮಿಕ್ಕವು ಬಿಟ್ಟುಹೋಗುತ್ತವೆ. ನಮ್ಮ ಗರತಿಯರ ತ್ರಿಪದಿಗಳು ಬೀಸುವ ಪದದಿಂದ ಸೋಬಾನೆಗೆ, ಸೋಬಾನೆಯಿಂದ ಜೋಗುಳಕ್ಕೆ ಸಂಚರಿಸುವುದನ್ನು ಬಲ್ಲವರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಕೋಬೇನ್ ಹಾಡಿದ್ದು ಈ ಗೊಂಚಲಿನಲ್ಲಿ ಲೆಡ್‌ಬೆಲಿ ಎಂಬ ಗಾಯಕರ ಪಾಠವನ್ನು. ಹಡ್ಡಿ ಲೆಡ್‌ಬೆಟರ್ ಎಂಬುದು ಅವರ ನಿಜನಾಮ. ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ಲೋಮ್ಯಾಕ್ಸ್ 1933ರಲ್ಲಿ ಲೂಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಈ ಕೈದಿಯ ಹಾಡುಗಳನ್ನು ಮೊದಲು ಮುದ್ರಿಸಿಕೊಂಡರು. ಲೆಡ್‌ಬೆಲಿ 1949ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ‘ಗುಡ್‌ನೈಟ್ ಐರೀನ್’ ಹಾಡನ್ನು ವೀವರ್ಸ್ ತಂಡ ಹಾಡಿ ಅಮೆರಿಕದಾದ್ಯಂತ ಪ್ರಸಿದ್ಧಗೊಳಿಸಿತು. ಆ ಹಾಡಿನ ಹಕ್ಕುಪತ್ರದಲ್ಲಿ ಹಾಡುಗಾರನ ಜೊತೆಗೆ ಸಂಗ್ರಾಹಕ ಜಾನ್ ಲೋಮ್ಯಾಕ್ಸ್‌ರ ಹೆಸರೂ ಇತ್ತು. ಈ ಇತಿಹಾಸದ ಹಿನ್ನೆಲೆಯಲ್ಲಿ ಕೋಬೇನ್ ವೇದಿಕೆಯ ಮೇಲೆ ತಮ್ಮ ಅತ್ಯಂತ ಮೆಚ್ಚಿನ ಗಾಯಕನೆಂದು ಲೆಡ್‌ಬೆಲಿಯ ಹೆಸರನ್ನು ಹೇಳಿ ಹಾಡಿದ್ದನ್ನು ಗಮನಿಸಬೇಕು. ಹಾಡು ಪಾರಂಪರಿಕ, ಅಳವಡಿಕೆ ಲೆಡ್‌ಬೆಲಿಯವರದು ಎಂದು ಆಲ್ಬಮ್ ದಾಖಲಿಸುತ್ತದೆ. ಕರ್ತೃವಿಲ್ಲದ ಹಾಡಿಗೂ ಹಾಡುಗಾರನಿದ್ದಾನೆ ಎಂಬುದನ್ನು ಇಷ್ಟು ಸರಳವಾಗಿ ಒಪ್ಪಿಕೊಂಡ ಉದಾಹರಣೆ ನಮ್ಮ ಸಂಕಲನಗಳ ಮುನ್ನುಡಿಗಳಲ್ಲಿಯೂ ಹೆಚ್ಚು ಸಿಗುವುದಿಲ್ಲ.

ಅದೇ 1996ರ ಫೆಬ್ರವರಿಯ ಸಮಾರಂಭದಲ್ಲಿ ವಿಶ್ವ ಸಂಗೀತದ ಪ್ರಶಸ್ತಿ ‘ಡೀಪ್ ಫಾರೆಸ್ಟ್’ ಎಂಬ ಫ್ರೆಂಚ್ ಜೋಡಿಯ ‘ಬೋಹೀಮ್’ ಆಲ್ಬಮ್‌ಗೆ ಸಂದಿತು. ಈ ಜೋಡಿಗೆ ಹೆಸರು ತಂದದ್ದು 1992ರ ಮೊದಲ ಆಲ್ಬಮ್. ಅದೂ 1994ರಲ್ಲಿ ಇದೇ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ಆ ವರ್ಷ ಪ್ರಶಸ್ತಿ ಪಡೆದದ್ದು ರೈ ಕೂಡರ್ ಜೊತೆಗೆ ನಮ್ಮ ವಿಶ್ವಮೋಹನ ಭಟ್ಟರು ನುಡಿಸಿದ ಆಲ್ಬಮ್. ಡೀಪ್ ಫಾರೆಸ್ಟ್‌ನ ಆ ಮೊದಲ ಆಲ್ಬಮ್‌ನಲ್ಲಿರುವ ‘ಸ್ವೀಟ್ ಲಲಬೈ’ ಎಂಬ ಹಾಡಿನ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅಗತ್ಯ.

ಪಶ್ಚಿಮ ಪೆಸಿಫಿಕ್‌ನ ಸಾಲೊಮನ್ ದ್ವೀಪಗಳಲ್ಲಿ ಮಲೈಟಾ ಎಂಬುದೊಂದು ದ್ವೀಪ. ಅದರ ಉತ್ತರ ಭಾಗದಲ್ಲಿ ಬೇಗು ಎಂಬ ಸಮುದಾಯದವರು ವಾಸಿಸುತ್ತಾರೆ. ಸ್ವಿಸ್ ಮೂಲದ ಜನಾಂಗೀಯ ಸಂಗೀತಶಾಸ್ತ್ರಜ್ಞ ಹ್ಯೂಗೊ ಜೆಂಪ್ 1970ರ ಸುಮಾರಿಗೆ ಅಲ್ಲಿ ಅಫುನಕ್ವಾ ಎಂಬ ಹೆಣ್ಣುಮಗಳು ಹಾಡಿದ ‘ರೊರೊಗ್ವೆಲಾ’ ಎಂಬ ಜೋಗುಳವನ್ನು ಮುದ್ರಿಸಿಕೊಂಡರು. ತಂದೆ ತಾಯಿಯನ್ನು ಕಳೆದುಕೊಂಡ ಹಿರಿಯ ಮಗುವೊಂದು ಅಳುತ್ತಿರುವ ತಮ್ಮನನ್ನು ಸಂತೈಸುವುದು ಆ ಜೋಗುಳದ ಸನ್ನಿವೇಶ. ಸತ್ತವರು ತಮ್ಮ ಲೋಕದಿಂದ ಈ ಅನಾಥರನ್ನು ಕಾಯುತ್ತಿರುತ್ತಾರೆಂಬ ಆ ಸಮುದಾಯದ ನಂಬಿಕೆ ಅದರಲ್ಲಿ ಅಡಗಿದೆ. ಯುನೆಸ್ಕೊದ ಧ್ವನಿಮುದ್ರಿಕಾ ಮಾಲೆಯಲ್ಲಿ 1973ರಲ್ಲಿ ಅದು ಪ್ರಕಟವಾಯಿತು. ಸಮುದಾಯ ಯಾವುದು, ಹಾಡು ಯಾವ ಬಗೆಯದು, ಹಾಡಿದವರು ಯಾರು ಎಂಬ ವಿವರಗಳೆಲ್ಲ ಆ ಮುದ್ರಿಕೆಯ ಜೊತೆಗಿದ್ದವು. ಎಂದರೆ ಸಂಗ್ರಾಹಕ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದನು.

ಇಪ್ಪತ್ತು ವರ್ಷಗಳ ನಂತರ ಆ ಕೊರಳು ಸಿಂಥಸೈಜರ್‌ನ ತಾಳದೊಳಗೆ ಸೇರಿತು. ಆಲ್ಬಮ್‌ನ ಹೆಸರು, ವಿವರಣೆ ಎಲ್ಲವೂ ಮಧ್ಯ ಆಫ್ರಿಕದ ಕಾಡುಗಳನ್ನೂ ಅಲ್ಲಿನ ಪಿಗ್ಮಿ ಜನರನ್ನೂ ಸೂಚಿಸುತ್ತಿದ್ದವು. ಅದರ ಟಿಪ್ಪಣಿಯಲ್ಲಿ ಯುನೆಸ್ಕೊದ ಉಲ್ಲೇಖವಿದೆ, ಇಬ್ಬರು ಸಂಗೀತಶಾಸ್ತ್ರಜ್ಞರ ಉಲ್ಲೇಖವಿದೆ. ಅಫುನಕ್ವಾ ಎಂಬ ಹೆಸರಿಲ್ಲ. ಸಂಗ್ರಾಹಕರಿಗೆ ಗೌರವ ಸಂದಿತು, ವಕ್ತೃವಿಗೆ ಸಲ್ಲಲಿಲ್ಲ. ಜಾಹೀರಾತುಗಳಲ್ಲಿಯೂ ಬಳಕೆಯಾದ ಆ ಆಲ್ಬಮ್ ಲಕ್ಷಾಂತರ ಪ್ರತಿ ಮಾರಾಟವಾಯಿತು. ಜೆಂಪ್ ತಮ್ಮ ಆಕ್ಷೇಪವನ್ನು 1996ರಲ್ಲಿ, ಅದೇ ಪ್ರಶಸ್ತಿಯ ವರ್ಷದಲ್ಲಿ, ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅಮೆರಿಕದ ವಿದ್ವಾಂಸ ಸ್ಟೀವನ್ ಫೆಲ್ಡ್ 2000ದಲ್ಲಿ ಈ ಪ್ರಕರಣವನ್ನೇ ಕೇಂದ್ರವಾಗಿಟ್ಟುಕೊಂಡು ದೀರ್ಘ ಲೇಖನವನ್ನು ಬರೆದರು.

ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ ಅದೇ 1996ರಲ್ಲಿ ಈ ಧಾಟಿಯನ್ನು ತಮ್ಮ ಆಲ್ಬಮ್‌ನಲ್ಲಿ ನುಡಿಸಿ ಅದಕ್ಕೆ ‘ಪಿಗ್ಮಿ ಜೋಗುಳ’ ಎಂಬ ಅರ್ಥದ ಹೆಸರನ್ನಿಟ್ಟರು. ಮೂಲ, ಆಫ್ರಿಕದ ಪಾರಂಪರಿಕ ಧಾಟಿ ಎಂದು ನಮೂದಾಯಿತು. ಗಾರ್ಬರೆಕ್ ಪ್ರಾಮಾಣಿಕವಾಗಿ ಋಣವನ್ನು ಒಪ್ಪಿಕೊಳ್ಳಲು ಹೊರಟಿದ್ದರು ಎಂಬುದೇ ಇಲ್ಲಿನ ವಿಪರ್ಯಾಸ. ಹೆಸರು ಕಳಚಿದ ಮೇಲೆ ಊರು ಕಳಚಿತು, ಊರು ಕಳಚಿದ ಮೇಲೆ ಖಂಡವೇ ಬದಲಾಯಿತು. ‘ಪಾರಂಪರಿಕ’ ಎಂಬ ಪದ ಯಾವ ಪ್ರಶ್ನೆಗೂ ಉತ್ತರವಾಗಿರಲಿಲ್ಲ, ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ಪದವಾಗಿತ್ತು.

ಇದು ಒಂಟಿ ಪ್ರಕರಣವಲ್ಲ. ತೈವಾನಿನ ಆಮಿಸ್ ಬುಡಕಟ್ಟಿನ ದಿಫಾಂಗ್ ಮತ್ತು ಅವರ ಪತ್ನಿ ಇಗಾಯ್ 1988ರಲ್ಲಿ ಕಲಾತಂಡವೊಂದರ ಜೊತೆಗೆ ಯೂರೋಪಿಗೆ ಹೋಗಿದ್ದಾಗ ಅವರ ಹಾಡನ್ನು ಪ್ಯಾರಿಸ್ಸಿನ ಸಂಸ್ಥೆಯೊಂದು ಮುದ್ರಿಸಿತ್ತು. ‘ಎನಿಗ್ಮಾ’ ಎಂಬ ಯೋಜನೆಯ 1994ರ ಪ್ರಸಿದ್ಧ ಗೀತೆ ‘ರಿಟರ್ನ್ ಟು ಇನೊಸೆನ್ಸ್’ನಲ್ಲಿ ಆ ಕೊರಳುಗಳಿವೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಪ್ರಚಾರದಲ್ಲಿ ಅದು ಜಗತ್ತಿನಾದ್ಯಂತ ಕೇಳಿಸಿತು. ದಂಪತಿ 1998ರಲ್ಲಿ ಮೊಕದ್ದಮೆ ಹೂಡಿದರು. 1999ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಇಲ್ಲಿ ಹಾಡುಗಾರರು ಬದುಕಿದ್ದರು, ತಮ್ಮ ಕೊರಳನ್ನು ತಾವೇ ಗುರುತಿಸಿದರು ಎಂಬುದು ಮುಖ್ಯ. ಮೋಬಿ ಎಂಬ ಅಮೆರಿಕನ್ ಸಂಗೀತಗಾರನ 1999ರ ‘ಪ್ಲೇ’ ಆಲ್ಬಮ್ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು, ಅದರ ಎಲ್ಲ ಹಾಡುಗಳೂ ಜಾಹೀರಾತು ಮತ್ತು ಸಿನಿಮಾಗಳಿಗೆ ಪರವಾನಗಿಯ ಮೇಲೆ ಹೋದವು. ಅದರಲ್ಲಿನ ಪ್ರಸಿದ್ಧ ಗೀತೆಯೊಂದರ ಕೊರಳು ಅಲಬಾಮಾದ ವೇರಾ ಹಾಲ್ ಅವರದು. ಮನೆಗೆಲಸ, ಬಟ್ಟೆ ಒಗೆಯುವ ಕೆಲಸಗಳಿಂದ ಜೀವನ ಸಾಗಿಸಿದ ಆಕೆ 1964ರಲ್ಲಿಯೇ ತೀರಿಕೊಂಡಿದ್ದರು.

ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಪಾರಂಪರಿಕ ಹಾಡಿಗೆ ಕೃತಿಸ್ವಾಮ್ಯವಿಲ್ಲ. ಆದರೆ ಅದನ್ನು ‘ಅಳವಡಿಸಿದವರು’ ತಮ್ಮ ಅಳವಡಿಕೆಗೆ ಸ್ವಾಮ್ಯವನ್ನು ಪಡೆಯಬಹುದು. ಹೀಗಾಗಿ ಯಾರದೂ ಅಲ್ಲದ ಹಾಡು ಸ್ಟುಡಿಯೋ ಪ್ರವೇಶಿಸಿದೊಡನೆ ಒಬ್ಬರದಾಗಿಬಿಡುತ್ತದೆ. ಹಾಡುವವರ ಹಕ್ಕು ಇದರಿಂದ ಬೇರೆಯಾದದ್ದು. ಜಾನಪದದ ಅಭಿವ್ಯಕ್ತಿಗಳನ್ನು ಪ್ರದರ್ಶಿಸುವವರೂ ‘ಪ್ರದರ್ಶಕರು’ ಎಂಬ ವ್ಯಾಖ್ಯೆಯೊಳಗೆ ಬರುತ್ತಾರೆಂದು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ 1996ರ ಒಪ್ಪಂದ ಸ್ಪಷ್ಟಪಡಿಸಿತು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ಪ್ರದರ್ಶಕರ ಹಕ್ಕು ಸೇರಿದ್ದು 1994ರ ತಿದ್ದುಪಡಿಯಿಂದ. ಆಗ 25 ವರ್ಷವಿದ್ದ ಅದರ ಅವಧಿ 1999ರಲ್ಲಿ 50 ವರ್ಷಕ್ಕೆ ಏರಿತು. ನಮ್ಮ ಸೋಬಾನೆಯ ಹೆಂಗಸರಿಗೂ ಈ ಹಕ್ಕಿದೆ. ಆದರೆ ಹಕ್ಕು ಹೆಸರಿರುವವರಿಗೆ ಮಾತ್ರ ದಕ್ಕುತ್ತದೆ. ಧ್ವನಿಸುರುಳಿಯ ಪೆಟ್ಟಿಗೆಯ ಮೇಲೆ ‘ಜನಪದ’ ಎಂದಷ್ಟೇ ಬರೆದಿದ್ದರೆ ಯಾವ ಕಾನೂನೂ ಯಾರನ್ನೂ ಹುಡುಕಿಕೊಂಡು ಹೋಗಲಾರದು.

ಹುಡುಕಿಕೊಂಡು ಹೋದ ಒಂದು ಪ್ರಸಂಗ ಮಾತ್ರ ನಡೆದಿದೆ. ಅಲನ್ ಲೋಮ್ಯಾಕ್ಸ್ 1959ರಲ್ಲಿ ಮಿಸಿಸಿಪ್ಪಿ ರಾಜ್ಯದ ಸೆರೆಮನೆಯ ಶಿಬಿರವೊಂದರಲ್ಲಿ ಕೈದಿಗಳು ಸೌದೆ ಕಡಿಯುತ್ತ ಹಾಡಿದ ಹಾಡನ್ನು ಮುದ್ರಿಸಿಕೊಂಡರು. ಕೊಡಲಿಯ ಏಟೇ ಅದರ ತಾಳ. ಮುಂದಾಳಾಗಿ ಹಾಡಿದವರು ಜೇಮ್ಸ್ ಕಾರ್ಟರ್. 2000ದಲ್ಲಿ ತೆರೆಗೆ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಎಂಬ ಚಲನಚಿತ್ರದ ಆರಂಭದಲ್ಲಿ ಈ ಹಾಡು ಕೇಳಿಸುತ್ತದೆ. ಚಿತ್ರದ ಹಾಡುಗಳ ಆಲ್ಬಮ್ ಪಾಪ್ ಮತ್ತು ರಾಕ್‌ನ ಘಟಾನುಘಟಿಗಳನ್ನೆಲ್ಲ ಹಿಂದಿಕ್ಕಿ 2002ರ ಫೆಬ್ರವರಿಯಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿಯನ್ನು ಗಳಿಸಿತು. ಗೌರವಧನವನ್ನು ಯಾರಿಗೆ ಸಲ್ಲಿಸಬೇಕೆಂಬ ಪ್ರಶ್ನೆ ಬಂದಾಗ ಲೋಮ್ಯಾಕ್ಸ್ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವರ ಬಳಿ ಒಂದು ಹೆಸರಿತ್ತು. ಅವರೂ ಒಬ್ಬ ಪತ್ರಕರ್ತರೂ ಸೇರಿ ಹಳೆಯ ದಾಖಲೆಗಳನ್ನು ಜಾಲಾಡಿ ಕೊನೆಗೆ ಷಿಕಾಗೊ ನಗರದಲ್ಲಿ ಆ ವೃದ್ಧರನ್ನು ಪತ್ತೆ ಮಾಡಿದರು. ಕಾರ್ಟರ್‌ಗೆ ತಾವು ಆ ಹಾಡನ್ನು ಹಾಡಿದ್ದೇ ಮರೆತುಹೋಗಿತ್ತು. ಅವರ ಕೈಗೆ ಮೊದಲ ಕಂತಾಗಿ 20,000 ಡಾಲರುಗಳ ಚೆಕ್ ಬಂದಿತು. ಕುಟುಂಬದೊಂದಿಗೆ ಪ್ರಶಸ್ತಿ ಸಮಾರಂಭಕ್ಕೂ ಹೋಗಿಬಂದರು. 2003ರಲ್ಲಿ ಅವರು ತೀರಿಕೊಂಡರು. ನಲವತ್ತು ವರ್ಷಗಳ ಅಂತರವನ್ನು ದಾಟಿಸಿದ್ದು ಸಂಗ್ರಾಹಕನ ಕಾಗದದ ಮೇಲಿದ್ದ ಒಂದು ಹೆಸರು. ಆಲ್ಬಮ್‌ನಲ್ಲಿ ಗಾಯಕರ ಉಲ್ಲೇಖ ‘ಜೇಮ್ಸ್ ಕಾರ್ಟರ್ ಮತ್ತು ಕೈದಿಗಳು’ ಎಂದಿದೆ. ಕೊಡಲಿಯ ತಾಳಕ್ಕೆ ದನಿಗೂಡಿಸಿದ ಮಿಕ್ಕವರು ಇಂದಿಗೂ ‘ಕೈದಿಗಳು’ ಎಂಬ ಬಹುವಚನದೊಳಗೇ ಇದ್ದಾರೆ.

ಈ ಪ್ರಸಂಗವನ್ನು ಓದಿದಾಗ ನನಗೆ ನೆನಪಾದದ್ದು ನನ್ನದೇ ಒಂದು ಧ್ವನಿಸುರುಳಿ. ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯಕ್ಕಾಗಿ 2003ರಲ್ಲಿ ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದರ ಮದುವೆ ಮನೆಯಲ್ಲಿ ಐವರು ಹೆಂಗಸರು ಹಾಡಿದ ಸೋಬಾನೆ ಪದಗಳನ್ನು ಮುದ್ರಿಸಿಕೊಂಡಿದ್ದೆ. ಪೆಟ್ಟಿಗೆಯ ಮೇಲೆ ದಿನಾಂಕ, ಊರು, ಹಾಡಿನ ಪ್ರಕಾರ ಎಲ್ಲವನ್ನೂ ಬರೆದು, ವಕ್ತೃಗಳು ಎಂಬಲ್ಲಿ ‘ಹೆಂಗಸರ ಗುಂಪು’ ಎಂದು ಬರೆದಿದ್ದೆ. ಪ್ರಬಂಧದ ಅನುಬಂಧದಲ್ಲಿಯೂ ಹಾಗೆಯೇ ಅಚ್ಚಾಯಿತು. ಪರೀಕ್ಷಕರಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಕೆಲವು ವರ್ಷಗಳ ನಂತರ ಸಂಗೀತ ಸಂಯೋಜಕರೊಬ್ಬರು ಅದರ ಒಂದು ತುಣುಕನ್ನು ಬಳಸಿಕೊಳ್ಳಬಹುದೇ, ಯಾರನ್ನು ಕೇಳಬೇಕು ಎಂದು ವಿಚಾರಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬೇರೊಂದು ಧಾಟಿಯನ್ನು ಆರಿಸಿಕೊಂಡರು.

ಆಮೇಲೆ ಆ ಊರಿಗೆ ಹೋದೆ. ಐವರಲ್ಲಿ ಒಬ್ಬ ಅಜ್ಜಿ ಸಿಕ್ಕರು. ಧ್ವನಿಯಂತ್ರವನ್ನು ಕಿವಿಯ ಹತ್ತಿರ ಹಿಡಿದುಕೊಂಡು, ಕಣ್ಣು ಮುಚ್ಚಿ ಕೇಳಿ, ‘ಇದು ನಮ್ಮ ನೆಗೆಣ್ಣಿ ದನಿ ನೋಡಪ್ಪಾ, ಹೋಗಿ ಮೂರು ವರ್ಷಾತು’ ಎಂದರು. ಹೀಗೆ ಒಂದೊಂದೇ ಕೊರಳನ್ನು ಬಿಡಿಸಿ ನಾಲ್ಕು ಹೆಸರುಗಳನ್ನು ಹೇಳಿದರು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಐದನೆಯ ಕೊರಳು ಮದುವೆಗೆ ಗಂಡಿನ ಕಡೆಯಿಂದ ಬಂದಿದ್ದ ಯಾರದೋ ಇರಬೇಕು, ಆ ದನಿ ಈ ಊರಿನದಲ್ಲ ಎಂದರು. ಪೆಟ್ಟಿಗೆಯ ಮೇಲಿನ ಹಳೆಯ ಚೀಟಿಯನ್ನು ಹರಿಯದೆ, ಅದರ ಕೆಳಗೆ ಬೇರೊಂದು ಚೀಟಿಯನ್ನು ಅಂಟಿಸಿದ್ದೇನೆ. ಅದರಲ್ಲಿ ನಾಲ್ಕು ಹೆಸರುಗಳೂ ಒಂದು ಖಾಲಿ ಗೆರೆಯೂ ಇವೆ.